ನಡುವೆ ಬಿಟ್ಟ ಜಾಗ

೬ ಫೆಬ್ರವರಿ

ಮೈ ಡಿಯರ್ ಡಾಟರ್,

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರಲ್ಲಿ ಪತ್ರದ ತಲೆ ಮತ್ತು ಬಾಲ ಎರಡೇ ಈಗ ನೆನಪಿರುವುದು. ನಡುವಿನದೆಲ್ಲ ಮರೆತುಹೋಗಿದೆ. ಆದ್ದರಿಂದ ನಡುವಿನದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಫೋನ್ ಮಾಡಬಹುದಿತ್ತು. ಆದರೆ ಫೋನು ಹತ್ತಿರ ಹಿಡಿದರೆ ಕಿವಿಯ ಮಷೀನು ಸಿಳ್ಳೆ ಹೊಡೆಯುತ್ತದೆ, ಮಷೀನು ತೆಗೆದರೆ ನೀನು ಹೇಳಿದ್ದು ಕೇಳಿಸುವುದಿಲ್ಲ. ಹೋದ ಸಲ ಇಬ್ಬರೂ ಹಲೋ ಹಲೋ ಎಂದುಕೊಂಡೇ ಇಟ್ಟೆವಲ್ಲ. ಕಾಗದವೇ ಮೇಲು. ಸಿಳ್ಳೆ ಹೊಡೆಯುವುದಿಲ್ಲ, ಅರ್ಧದಲ್ಲಿ ಕಟ್ ಆಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಆಫೀಸಿನವರು ಮುಂದಿನ ಮೂವತ್ತು ವರ್ಷದ ಪ್ರಾದೇಶಿಕ ಯೋಜನೆಯ ಕರಡನ್ನು ಇಲ್ಲಿಯ ಶಾಲೆಯ ಹಾಲಿನಲ್ಲಿ ತೂಗುಹಾಕಿದ್ದಾರೆ. ನೋಡಿ ಬಂದೆ. ಗೋಡೆಯ ತುಂಬ ನಕ್ಷೆ. ಮನೆಗಳಿಗೆ ಹಳದಿ, ಕಾರ್ಖಾನೆಗಳಿಗೆ ಬೂದು, ನೀರಿಗೆ ನೀಲಿ. ಎಲ್ಲರೂ ಮೂಗು ತಾಗಿಸಿಕೊಂಡು ತಮ್ಮ ತಮ್ಮ ಮನೆ ಹುಡುಕುತ್ತಿದ್ದರು. ನಾನೂ ಭೂತಕನ್ನಡಿ ತೆಗೆದುಕೊಂಡು ಹೋಗಿದ್ದೆ, ನೀನು ನಗಬೇಡ. ನಮ್ಮ ಬಡಾವಣೆ ಸಿಕ್ಕಿತು. ಅದರ ಪಕ್ಕದಲ್ಲೇ, ನಮ್ಮ ರಸ್ತೆಗೂ ಹೊಳೆಗೂ ನಡುವೆ, ಉದ್ದಕ್ಕೆ ಒಂದು ಕೆಂಪು ಗೆರೆ. ರೈಲು!

ಕೆಳಗಿನ ಮನೆಯ ನರ್ಸಮ್ಮ ನನ್ನ ಹಿಂದೆಯೇ ನಿಂತಿದ್ದಳು. ನೀನು ಅವಳನ್ನು ನೋಡಿದ್ದೀಯ, ದೊಡ್ಡಾಸ್ಪತ್ರೆಗೆ ಹೋಗಲು ದಿನಾ ಮೊದಲ ಬಸ್ಸಿಗೆ ಓಡುವವಳು.

"ಏನ್ರೀ ಟೈಮ್‌ಕೀಪರ್ರೇ, ಇದೇನಾ ನಿಮ್ಮ ರೈಲು?" ಎಂದಳು.

"ಹೂಂ ಕಣಮ್ಮ. ಎರಡನೇ ಹಂತ ಅಂತ ಬರೆದಿದಾರೆ."

"ಹಂತ ಗಿಂತ ನಂಗೆ ಬೇಡ. ನನ್ನ ಮಂಡಿ ನಡೀತಿರೋವಾಗ ಬರತ್ತೋ ಇಲ್ವೋ, ಅಷ್ಟು ಹೇಳಿ ಸಾಕು."

ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನು ರೈಲಿನ ಹೊತ್ತನ್ನೂ ಹೇಳಬಲ್ಲ ಎಂದು ಅವಳ ನಂಬಿಕೆ.

ಮನೆಗೆ ಬಂದು ಕಿಟಕಿಯ ಹತ್ತಿರ ಕೂತೆ. ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ನಾವು ಈ ಬಡಾವಣೆಗೆ ಬಂದಾಗ, ಮೊದಲು ಮನೆ, ಹಿಂದೆಯೇ ರೈಲು ಎಂದಿದ್ದರು. ಹಳೆಯ ಯೋಜನೆ ಅದು. ರಸ್ತೆಯಾಚೆ ಎರಡು ಗೋಡೆಗಳ ನಡುವೆ ಉದ್ದನೆಯ ಬೋಳು ಪಟ್ಟಿ, ಜಲ್ಲಿ, ಒಡೆದ ಇಟ್ಟಿಗೆ, ಮತ್ತೆ ಒಂದು ಬೋರ್ಡು: ರೈಲು ಮಾರ್ಗಕ್ಕೆ ಮೀಸಲು. ಬೋರ್ಡು ತುಕ್ಕು ಹಿಡಿದು ಬಿತ್ತು. ನಾನು ರೈಲು ಸಮಿತಿ ಸೇರಿ ಮನವಿ ಬರೆದೆ, ನಿನ್ನ ಅಮ್ಮ ಗೋಡೆಯ ಬಿರುಕಿನಲ್ಲಿ ನುಸುಳಿ ಗಿಡ ನೆಟ್ಟಳು. ನರ್ಸರಿಯಲ್ಲಿ ಅವಳ ಕೆಲಸವೇ ಸಸಿ ಆರಿಸುವುದು. ನೆಟ್ಟಗಿದ್ದವು ಮಾರಾಟಕ್ಕೆ, ಡೊಂಕಾದವು ಕಸಕ್ಕೆ. ಆ ಕಸವನ್ನು ಅವಳು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರುತ್ತಿದ್ದಳು. ಮೊದಲು ನೆಟ್ಟದ್ದು ಹೊಳೆ ಕಡೆಯ ಗೋಡೆಗೆ, ಗೂನು ಬೆನ್ನಿನ ಒಂದು ಅತ್ತಿ. "ರೈಲು ಬಂದ್ರೆ ಏನೇ ಮಾಡ್ತೀಯ?" ಎಂದು ನಾನು ರೇಗಿಸಿದರೆ "ಬರಲಿ ಬಿಡಿ" ಎನ್ನುವಳು. ನನ್ನ ಮನವಿಗಳನ್ನು ಅವಳು ಹಾಸ್ಯ ಮಾಡುತ್ತಿದ್ದಾಳೆಂದೇ ನಾನು ತಿಳಿದಿದ್ದೆ.

ಈಗ ಅಲ್ಲಿ ಹಗಲಲ್ಲೂ ಕತ್ತಲೆಯಾಗುವಷ್ಟು ಮರ. ಅವಳು ಹೋಗಿ ಮೂರು ವರ್ಷ. ಕೆಂಪು ಗೆರೆ ಅದರ ಮೇಲೆಯೇ ಹೋಗಿದೆ. ಬೇಕು ಬೇಕು ಎಂದು ಅರ್ಧ ಆಯುಸ್ಸು ಕೂಗಿದ ರೈಲು ಕಡೆಗೂ ಬರುವುದಾದರೆ ಅವಳ ಮರಗಳ ಮೇಲೆಯೇ ಬರಬೇಕೇ? ಆ ಗೆರೆ ಎಳೆದವಳು ನೀನೇನಾ? ಸುಮ್ಮನೆ ಕೇಳುತ್ತೇನೆ. ನೋ ಅಫೆನ್ಸ್.

ಐ ರಿಮೇನ್, ಯುವರ್ ಅಫೆಕ್ಷನೇಟ್ ಫಾದರ್,
ಅಪ್ಪ

*

೨೧ ಫೆಬ್ರವರಿ

ಅಪ್ಪ,

ಕಾಗದ ಬಂತು. ಉತ್ತರ ತಡವಾಯಿತು. ಇಲ್ಲಿ ದಿನಕ್ಕೊಂದು ಊರಿನ ಸಭೆ. ಮನೆ ಬೇಕು ಎನ್ನುವವರು ಬೆಳಿಗ್ಗೆ ಬರುತ್ತಾರೆ, ನಮ್ಮ ಪಕ್ಕದಲ್ಲಿ ಮನೆ ಕಟ್ಟಬೇಡಿ ಎನ್ನುವವರು ಮಧ್ಯಾಹ್ನ ಬರುತ್ತಾರೆ. ಎಷ್ಟೋ ಸಲ ಇಬ್ಬರೂ ಒಬ್ಬರೇ.

ಗೆರೆ ನಾನು ಎಳೆದದ್ದಲ್ಲ. ಹಳೆಯ ಯೋಜನೆಯಲ್ಲಿ ಇದ್ದದ್ದೇ. ನಾವು ಸಾರಿಗೆ ವಿಭಾಗದವರು ಅದನ್ನು ಉಳಿಸಿಕೊಂಡಿದ್ದೇವೆ ಅಷ್ಟೆ. ನನ್ನ ತಂದೆಯ ಮನೆ ಅಲ್ಲಿದೆ ಎಂದು ನಾನು ಮೊದಲೇ ಬರೆದುಕೊಟ್ಟಿದ್ದೇನೆ. ಆ ಭಾಗದ ಕೆಲಸ ನನ್ನ ಮೇಜಿಗೆ ಬರುವುದಿಲ್ಲ, ಅದರ ಬಗ್ಗೆ ನಾನು ಆಫೀಸಿನಲ್ಲಿ ಬಾಯಿ ಬಿಡುವ ಹಾಗೂ ಇಲ್ಲ.

ಬಿ.ಪಿ. ಮಾತ್ರೆ ಬೆಳಿಗ್ಗೆಯೇ ತಗೊಳ್ಳಿ. ಕಿವಿಯ ಮಷೀನಿನ ಸೆಲ್ ಬದಲಾಯಿಸಿದಿರಾ?

ಈ ತಿಂಗಳು ಬರಲು ಆಗುವುದಿಲ್ಲ.

ನಿಮ್ಮ ಮಗಳು

*

೧೫ ಮಾರ್ಚ್

ಡಿಯರ್ ಡಾಟರ್,

ಸೆಲ್ ಬದಲಾಯಿಸಿದೆ. ಈಗ ನರ್ಸಮ್ಮನ ಕುಕ್ಕರ್ ಕೂಗುವುದೂ ಕೇಳುತ್ತದೆ. ಅದೊಂದು ಲಾಭ.

ನಿನ್ನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನಾನು ಮರಗಳ ಬಗ್ಗೆ ಅಷ್ಟು ಬರೆದೆ, ನಿನ್ನದರಲ್ಲಿ ಮಾತ್ರೆಯಿದೆ, ಸೆಲ್ ಇದೆ, ಮರ ಇಲ್ಲ. ಇರಲಿ. ನೀನು ಚಿಕ್ಕವಳಿದ್ದಾಗ ಆ ಹಸಿರು ಡಬ್ಬದಲ್ಲಿ ನೀರು ಹೊತ್ತದ್ದಾದರೂ ಜ್ಞಾಪಕ ಇದೆಯೋ? ಅರ್ಧ ನೀರು ನಿನ್ನ ಚಡ್ಡಿಯ ಮೇಲೆ, ಅರ್ಧ ಗಿಡಕ್ಕೆ.

ಹೇಳಬೇಕಾದದ್ದು ಬೇರೆ. ನಿಮ್ಮ ಪರಿಸರ ವಿಭಾಗದಿಂದ ಒಬ್ಬಾತ ಬಂದಿದ್ದ. ತಲೆಗೆ ಟೋಪಿ, ಕುತ್ತಿಗೆಗೆ ದುರ್ಬೀನು, ಕಾಲಿಗೆ ಮಂಡಿವರೆಗೆ ಬೂಟು. ಆಕಾಶದಿಂದ ತೆಗೆದ ಫೋಟೋದಲ್ಲಿ ಈ ಪಟ್ಟಿ ಗಾಢ ಹಸಿರಾಗಿ ಕಂಡಿತಂತೆ, ಪರೀಕ್ಷಿಸಲು ಕಳಿಸಿದ್ದಾರೆ. ಗೋಡೆಯ ಬಿರುಕಿನಲ್ಲಿ ತೂರಿಕೊಂಡು ಹೋದ, ಮುಳ್ಳು ಬಳ್ಳಿ ತಡೆದದ್ದಕ್ಕೆ ನಾಲ್ಕು ಹೆಜ್ಜೆಯಲ್ಲೇ ನಿಂತ, ಹಕ್ಕಿ ನೋಡಿದ, ಏನೋ ಬರೆದುಕೊಂಡ, ಕುಡಿಯಲು ನೀರು ಕೇಳುತ್ತ ನಮ್ಮ ಮನೆಗೆ ಬಂದ. ಬಂದವನಿಗೆ ಬರೀ ನೀರು ಕೊಡುವುದು ಹೇಗೆ? ಟೀ ಮಾಡಿದೆ.

"ಸಾರ್, ನೀವು ಪುಣ್ಯವಂತರು" ಎಂದ. "ಮನೆ ಮುಂದೇನೇ ಸ್ವಾಭಾವಿಕ ಕಾಡು. ಯಾರೂ ಕೈ ಹಾಕಿಲ್ಲ, ತಾನಾಗೇ ಬೆಳೆದಿದೆ. ಇಡೀ ಪ್ರದೇಶದಲ್ಲಿ ಇಂಥದ್ದು ಇನ್ನೊಂದಿಲ್ಲ."

ಯಾರೂ ಕೈ ಹಾಕಿಲ್ಲ! ನಿನ್ನ ಅಮ್ಮನ ಉಗುರಿನ ಸಂದಿಯ ಮಣ್ಣು ಭಾನುವಾರಕ್ಕೂ ಹೋಗುತ್ತಿರಲಿಲ್ಲ.

"ತಾನಾಗೇ ಬೆಳೆದಿದ್ರೆ ಏನು ವಿಶೇಷ?" ಎಂದೆ.

"ನೆಟ್ಟಿದ್ದಾದ್ರೆ ಕಡಿದು ಇನ್ನೊಂದು ಕಡೆ ನೆಡಿ ಅಂತೀವಿ. ಸ್ವಾಭಾವಿಕ ಕಾಡಾದ್ರೆ ಮುಟ್ಟೋ ಹಾಗಿಲ್ಲ. ರೈಲು ಬೇರೆ ದಾರಿ ನೋಡ್ಕೋಬೇಕು."

ಹುಡುಗ ಒಳ್ಳೆಯವನೇ. ಮರ ಉಳಿಯಿತೆಂದು ಅವನ ಮುಖ ಅರಳಿತ್ತು. ನಾನು ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದಿತ್ತು. "ಸಕ್ಕರೆ ಸಾಕಾ?" ಎಂದೆ.

ಹೇಳಲೇಬೇಕು ಎಂದೇನೂ ಇಲ್ಲವಲ್ಲ. ಅವನು ಕೇಳಲಿಲ್ಲ. ಕೇಳದಿದ್ದದ್ದಕ್ಕೆ ಉತ್ತರ ಕೊಡುವುದು ನನ್ನ ಡ್ಯೂಟಿ ಅಲ್ಲ, ಆಸ್ ಫಾರ್ ಆಸ್ ಐ ಯಾಮ್ ಕನ್ಸರ್ನ್‌ಡ್. ಸಮಿತಿಯ ಹಳಬರೆಲ್ಲ ಹೋಗಿಬಿಟ್ಟರು, ಕೆಲವರು ಮನೆ ಬಿಟ್ಟು, ಕೆಲವರು ಲೋಕವನ್ನೇ ಬಿಟ್ಟು. ಆಮೇಲೆ ಬಂದವರಿಗೆ ಅದು ಹಾವಿರುವ ಕಾಡು. ಅದು ಹೇಗೆ ಬಂತೆಂದು ಬಲ್ಲವರು ಈಗ ಇಬ್ಬರೇ. ಒಬ್ಬ ಟೀ ಮಾಡಿಕೊಟ್ಟ. ಇನ್ನೊಬ್ಬಳು ಬಾಯಿ ಬಿಡುವ ಹಾಗಿಲ್ಲವಂತೆ.

ಯುವರ್ಸ್, ಎಟ್ಸೆಟ್ರಾ,
ಅಪ್ಪ

*

೮ ಏಪ್ರಿಲ್

ಅಪ್ಪ,

ಇದು ಆಫೀಸಿನ ಪ್ರಕಟಣೆಯಲ್ಲೇ ಬಂದಿದೆ, ಆದ್ದರಿಂದ ಬರೆಯಬಹುದು.

ಆ ಪಟ್ಟಿಯನ್ನು ಸ್ವಾಭಾವಿಕ ಕಾಡೆಂದು ರಕ್ಷಿಸಬೇಕೆಂದು ಪರಿಸರ ವಿಭಾಗ ಸೂಚಿಸಿದೆ. ಹಾಗಾದರೆ ರೈಲು ಮಾರ್ಗ ಹೊಳೆಯ ಆಚೆ ದಡಕ್ಕೆ ಹೋಗುತ್ತದೆ. ಹೊಳೆಗೆ ಸೇತುವೆ ಈ ಯೋಜನೆಯಲ್ಲಿ ಇಲ್ಲ. ನಿಮ್ಮ ಬಡಾವಣೆಗೆ, ಅದರ ಹಿಂದಿನ ಹೊಸ ಮನೆಗಳಿಗೂ, ಈ ಮೂವತ್ತು ವರ್ಷ ಬಸ್ಸೇ.

ಮೇ ೨೮ಕ್ಕೆ ಇಲ್ಲಿ ಸಾರ್ವಜನಿಕ ಸಭೆ. ಯಾರು ಬೇಕಾದರೂ ಮಾತಾಡಬಹುದು. ಆಮೇಲೆ ಹೇಳಿದ್ದನ್ನು ಯಾರೂ ಪರಿಗಣಿಸುವುದಿಲ್ಲ.

ನಾನು ಪ್ರಕಟಣೆಯಲ್ಲಿ ಇದ್ದದ್ದನ್ನಷ್ಟೇ ಬರೆದಿದ್ದೇನೆ.

ಸೆಖೆ ಜಾಸ್ತಿ. ನೀರು ಕುಡಿಯಿರಿ.

ನಿಮ್ಮ ಮಗಳು

*

೨೫ ಏಪ್ರಿಲ್

ಡಾಟರ್,

ಮೈ ಡಿಯರ್ ಬಿಟ್ಟದ್ದು ಬೇಕೆಂದೇ.

ನೀನು ಏನನ್ನೂ ಕೇಳಿಲ್ಲ. ಕೇಳದೆಯೇ ಕೇಳುವ ವಿದ್ಯೆಯನ್ನು ನಿಮ್ಮ ಆಫೀಸಿನಲ್ಲಿ ಕಲಿಸುತ್ತಾರೋ, ಅಮ್ಮನಿಂದ ಬಂತೋ? ಅವಳೂ ಹಾಗೆಯೇ. ಅಕ್ಕಿ ಮುಗಿದಿದೆ ಎಂದು ಹೇಳಳು. ಖಾಲಿ ಡಬ್ಬವನ್ನು ನಾನು ಎಡವುವ ಜಾಗದಲ್ಲಿ ಇಡುವಳು.

ನಾನು ಅಲ್ಲಿಗೆ ಬಂದು, ಮೈಕಿನ ಮುಂದೆ ನಿಂತು, ಅದು ಕಾಡಲ್ಲ, ನನ್ನ ಹೆಂಡತಿ ನೆಟ್ಟದ್ದು, ಬೇಕಾದರೆ ಕಡಿಯಿರಿ ಎನ್ನಬೇಕು. ಇದೇ ತಾನೇ? ಅವಳದು ಅಂತ ಈ ಮನೆಯಲ್ಲಿ ಏನು ಉಳಿದಿದೆ ಹೇಳು. ಸೀರೆಗಳನ್ನು ನೀನೇ ಹಂಚಿದೆ. ಕನ್ನಡಕ ಎಲ್ಲಿ ಹೋಯಿತೋ. ಬೆಳಿಗ್ಗೆ ಕಿಟಕಿ ತೆರೆದರೆ ಆ ಹಸಿರು ಕಾಣುತ್ತದೆ, ಎದ್ದಿದ್ದಾಳೆ ಎಂದುಕೊಂಡು ಹಲ್ಲುಜ್ಜಲು ಹೋಗುತ್ತೇನೆ. ಅಷ್ಟೇ ನನ್ನ ಸಂಸಾರ ಈಗ.

ಮತ್ತೆ ರೈಲು ಬಂದರೆ ನನಗೇನು? ಟೈಮ್‌ಕೀಪರನಿಗೆ ಲೆಕ್ಕ ಬರುತ್ತದಮ್ಮ. ಎರಡನೇ ಹಂತ ಮುಗಿಯುವ ಹೊತ್ತಿಗೆ ನನ್ನ ಗಾಡಿ ಡಿಪೋ ಸೇರಿ ಎಷ್ಟೋ ಕಾಲವಾಗಿರುತ್ತದೆ.

ಹೀಗೆಲ್ಲ ಗೊಣಗಿಕೊಂಡು ನಿನ್ನೆ ಬೆಳಿಗ್ಗೆ ಬಸ್ ಸ್ಟಾಪಿಗೆ ಹೋದೆ, ಮಾತ್ರೆ ತರಲು. ನಮ್ಮ ಬಸ್ ಸ್ಟಾಪಿಗೆ ತಗಡು ಇಲ್ಲದಿದ್ದರೂ ಪಟ್ಟಿಯ ಗೋಡೆಯ ಮೇಲಿಂದ ಬಾಗಿದ ಹಿಪ್ಪುನೇರಳೆಯ ನೆರಳುಂಟು. ಜನ ಅದರಡಿ ಒತ್ತಿಕೊಂಡು ನಿಂತಿದ್ದರು. ನರ್ಸಮ್ಮ ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು, ಕುದುರೆ ಮಲಗುತ್ತದಲ್ಲ ಹಾಗೆ.

"ಏನಮ್ಮ, ಮನೇಲಿ ಹಾಸಿಗೆ ಇಲ್ವಾ?" ಎಂದೆ.

ಕಣ್ಣು ಬಿಡದೇ ಹೇಳಿದಳು: "ಇದೆ. ಅದರ ಮುಖ ನೋಡಿ ಬಹಳ ದಿನ ಆಯ್ತು." ಆಮೇಲೆ, "ರೈಲು ಆಚೆ ದಡಕ್ಕೆ ಹೋಯ್ತಂತೆ. ನಿಜವಾ?"

"ಇನ್ನೂ ಗೊತ್ತಾಗಿಲ್ಲ."

"ನಿಮಗೇನು ಬಿಡಿ, ರಿಟೈರ್ಡು. ನನ್ನ ಮಗಳು ಈ ವರ್ಷ ಕಾಲೇಜು. ನಾಳೆಯಿಂದ ಅವಳೂ ನನ್ನ ಪಕ್ಕ ನಿಂತು ತೂಕಡಿಸ್ತಾಳೆ. ಎರಡು ಕುದುರೆ."

ಬಸ್ಸು ಬಂತು. ನಾನು ಹತ್ತಲಿಲ್ಲ. ಮಾತ್ರೆ ನಾಳೆ ತಂದರಾಯಿತು.

ನಾನು ಬರುವುದಿಲ್ಲ. ಇದು ಫೈನಲ್.

ಅಪ್ಪ

*

೯ ಮೇ

ಅಪ್ಪ,

ನಾನು ಕೇಳಲಿಲ್ಲ. ಕೇಳುವುದೂ ಇಲ್ಲ.

ನನಗೂ ದಣಿವಾಗಿದೆ. ಮೂವತ್ತು ವರ್ಷದ ನಕ್ಷೆ ಮಾಡುವವರು ಸಂಜೆ ಮನೆಗೆ ಬಂದು ನಾಳೆಯ ತಿಂಡಿಗೆ ಏನೆಂದು ಯೋಚಿಸಲಾಗದೆ ಬ್ರೆಡ್ಡು ತಿಂದು ಮಲಗುತ್ತೇವೆ.

ನಾನು ಯಾಕೆ ಬರುವುದಿಲ್ಲ ಎಂದು ನೀವು ಕೇಳಿಲ್ಲ. ಆದರೆ ಪ್ರತಿ ಕಾಗದದಲ್ಲೂ ಅದು ಇದೆ. ಎರಡು ಬಸ್ಸು ಅಪ್ಪ. ಶಾಲೆ, ಕಾಲೇಜು, ಮೊದಲ ಕೆಲಸ, ಎಲ್ಲಕ್ಕೂ ಅದೇ ಎರಡು ಬಸ್ಸು. ಕಿಟಕಿಗೆ ತಲೆ ಬಡಿಸಿಕೊಂಡು ನಿದ್ದೆ ಮಾಡಿ ಹಣೆಯಲ್ಲಿ ಒಂದು ಗಂಟು ಎದ್ದಿತ್ತು, ನೀವು ಅದಕ್ಕೆ ಎಣ್ಣೆ ಹಚ್ಚುತ್ತಿದ್ದಿರಿ. ಅಮ್ಮನಿಗೆ ಹುಷಾರಿಲ್ಲ ಎಂದು ನೀವು ಫೋನ್ ಮಾಡಿದ ದಿನವೂ ನಾನು ಮೊದಲನೆಯದರಿಂದ ಇಳಿದಾಗ ಎರಡನೆಯದು ಹೊರಟಿತ್ತು. ಈಗ ಆ ಬಸ್ ನಿಲ್ದಾಣದಲ್ಲಿ ಇಳಿದರೆ ಕಾಲು ಮುಂದೆ ಬರುವುದಿಲ್ಲ. ಇಷ್ಟೇ ಕಾರಣ.

ನಿಮ್ಮ ಮೇಲೆ ಕೋಪವಿಲ್ಲ. ನೀವು ಬರದಿದ್ದರೂ ಇರುವುದಿಲ್ಲ.

ನಿಮ್ಮ ಮಗಳು

*

೩೦ ಮೇ

ಮೈ ಡಿಯರ್ ಡಾಟರ್,

ಮೊನ್ನೆ ನಾನು ಬಂದದ್ದನ್ನು ನೀನು ನೋಡಿದೆ, ನೀನು ನೋಡಿದ್ದನ್ನು ನಾನೂ ನೋಡಿದೆ. ನೀನು ಸಿಬ್ಬಂದಿಯ ಸಾಲಿನಲ್ಲಿ ಕೊನೆಗೆ ಕೂತಿದ್ದೆ. ಸೊರಗಿದ್ದೀಯ. ಸಭೆ ಮುಗಿದ ಮೇಲೆ ಹುಡುಕಿದೆ, ಕಾಣಲಿಲ್ಲ. ಕೊನೆಯ ಬಸ್ಸು ತಪ್ಪಿದರೆ ಫುಟ್‌ಪಾತೇ ಗತಿ ಎಂದು ಹೊರಟುಬಿಟ್ಟೆ. ಬಂದದ್ದು ಯಾಕೆಂದು ಅಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ.

ಸಭೆಯ ಹಿಂದಿನ ದಿನ ಪಟ್ಟಿಯೊಳಗೆ ಹೋದೆ. ಅಮ್ಮ ಹೋದ ಮೇಲೆ ಕಾಲಿಟ್ಟಿರಲಿಲ್ಲ. ನರ್ಸಮ್ಮನಿಗೆ ರಜೆಯಿತ್ತು, ಜೊತೆಗೆ ಬಂದಳು. ಒಂದು ಕೈಯಲ್ಲಿ ಛತ್ರಿ, ಹಾವಿಗೆ. "ನಿಮಗೆ ಏನಾದ್ರೂ ಆದ್ರೆ ಹೊತ್ಕೊಂಡು ಬರೋದು ನಾನೇ ತಾನೇ, ಮೊದಲೇ ಜೊತೇಲಿದ್ರೆ ಒಂದು ಸಲದ ನಡಿಗೆ ಉಳಿಯತ್ತೆ" ಎಂದಳು. ಗೋಡೆಯ ಬಿರುಕು ನಿನ್ನ ಅಮ್ಮನ ಅಳತೆಯದು. ನನ್ನ ಹೊಟ್ಟೆ ಸಿಕ್ಕಿಕೊಂಡಿತು. ನರ್ಸಮ್ಮ ಹಿಂದಿನಿಂದ ತಳ್ಳಿದಳು. ಈ ಭಾಗವನ್ನು ಮರೆತುಬಿಡು.

ಒಳಗೆ ತಂಪು. ಬಳ್ಳಿ ಸರಿಸಿಕೊಂಡು ಹೊಳೆ ಕಡೆಯ ಗೋಡೆಗೆ ಹೋಗಿ ಗೂನು ಅತ್ತಿಯನ್ನು ಹುಡುಕಿದೆ. ಇತ್ತು. ಬುಡ ನನ್ನ ತೋಳಿಗೆ ಸಿಗದಷ್ಟು ದಪ್ಪ, ಗೂನು ಹಾಗೇ ಇದೆ. ನಿನ್ನ ಹಸಿರು ಡಬ್ಬದ ಹಿಡಿಕೆ ಅದರ ಕೊಂಬೆಯಲ್ಲಿ ಸಿಕ್ಕಿಕೊಂಡು ಮರದೊಳಕ್ಕೇ ಇಳಿದುಬಿಟ್ಟಿದೆ, ತುದಿ ಮಾತ್ರ ಹೊರಗಿದೆ. ಅಲ್ಲೇ ಕೂತೆ, ಸ್ವಲ್ಪ ಹೊತ್ತು. ನರ್ಸಮ್ಮ ಆ ಕಡೆ ತಿರುಗಿ ಛತ್ರಿಯಲ್ಲಿ ಎಲೆ ಕೆದಕುತ್ತ ನಿಂತಳು. ಆಸ್ಪತ್ರೆಯಲ್ಲಿ ಇದ್ದವರಿಗೆ ಯಾವಾಗ ತಿರುಗಬೇಕೆಂದು ಗೊತ್ತಿರುತ್ತದೆ.

ಆಮೇಲೆ ಅವಳೇ ಕೇಳಿದಳು: "ಅಲ್ಲಾ ಟೈಮ್‌ಕೀಪರ್ರೇ, ದಪ್ಪ ಮರ ಎಲ್ಲಾ ಗೋಡೆ ಪಕ್ಕದಲ್ಲೇ ಇದಾವೆ. ನಡುವೆ ಬರೀ ಸಣ್ಣವು. ಅದ್ಯಾಕೆ?"

ಎದ್ದು ನಿಂತು ಉದ್ದಕ್ಕೆ ನೋಡಿದೆ. ಮಗಳೇ, ಡಿಪೋದಲ್ಲಿ ಎರಡೂ ಕಡೆ ಬಸ್ಸು ನಿಲ್ಲಿಸಿ ನಡುವೆ ಗಾಡಿ ಹೊರಡಲು ದಾರಿ ಬಿಟ್ಟಿರುತ್ತಾರಲ್ಲ, ತದ್ವತ್ ಹಾಗೆ. ರಸ್ತೆ ಕಡೆಯ ಗೋಡೆಗೆ ಒಂದು ಸಾಲು, ಹೊಳೆ ಕಡೆಯ ಗೋಡೆಗೆ ಒಂದು ಸಾಲು. ನಡುವಿನವೆಲ್ಲ ಮೊನ್ನೆ ಮೊನ್ನೆಯವು, ಹಕ್ಕಿ ಬೀಳಿಸಿದ ಬೀಜದವು. ಆಕಾಶದಿಂದ ನೋಡಿದರೆ ಎಲ್ಲ ಸೇರಿ ಕಾಡು. ಬುಡದಲ್ಲಿ ನಿಂತರೆ ಓಣಿ.

"ರೈಲು ಬಂದ್ರೆ ಏನೇ ಮಾಡ್ತೀಯ?" "ಬರಲಿ ಬಿಡಿ." ಅವಳು ಹಾಸ್ಯ ಮಾಡಿರಲಿಲ್ಲ ಕಣೇ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದಳು. ಸಮಿತಿಯಲ್ಲಿ ನಾವು ಹತ್ತು ಜನ ಕೂತು ರೈಲು ಬರಲಿ ಎಂದು ಬರೆಯುತ್ತಿದ್ದೆವು. ಬರುತ್ತದೆ ಎಂದು ನಂಬಿ ದಾರಿ ಬಿಟ್ಟವಳು ಅವಳೊಬ್ಬಳೇ.

ಅದಕ್ಕೇ ಬಂದೆ.

ಸಭೆಯಲ್ಲಿ ಆದದ್ದನ್ನು ನೀನೇ ನೋಡಿದೆ, ಆದರೂ ಬರೆಯುತ್ತೇನೆ. ಬಸ್ಸಿನಲ್ಲಿ ಒಂದು ಇಂಗ್ಲಿಷ್ ಭಾಷಣ ತಯಾರು ಮಾಡಿಕೊಂಡಿದ್ದೆ. "ರೆಸ್ಪೆಕ್ಟೆಡ್ ಚೇರ್, ಐ ಬೆಗ್ ಟು ಸಬ್ಮಿಟ್" ತನಕ ಬಂತು. ಆಮೇಲೆ ಮೈಕಿನ ಹತ್ತಿರ ಕಿವಿಯ ಮಷೀನು ಸಿಳ್ಳೆ ಹಾಕಿತು, ಭಾಷಣ ಹಾರಿಹೋಯಿತು. ಅಧ್ಯಕ್ಷರು ಒಳ್ಳೆಯ ಮನುಷ್ಯ, "ನಿಧಾನವಾಗಿ ನಿಮ್ಮ ಮಾತಲ್ಲೇ ಹೇಳಿ ಯಜಮಾನ್ರೇ" ಎಂದರು.

"ಅದು ಕಾಡಲ್ಲ ಸ್ವಾಮಿ. ನನ್ನ ಹೆಂಡತಿ ನೆಟ್ಟಿದ್ದು" ಎಂದೆ.

ಪರಿಸರ ವಿಭಾಗದಿಂದ ಬಂದಿದ್ದ ಹೆಂಗಸು ಕನ್ನಡಕ ಮೇಲೆ ಮಾಡಿ, "ನೆಟ್ಟಿದ್ದಕ್ಕೆ ಏನಾದ್ರೂ ಪುರಾವೆ?" ಎಂದಳು.

"ಬಂದು ನೋಡಿ ತಾಯಿ. ಕಾಡು ಎಲ್ಲಾದ್ರೂ ಸಾಲಾಗಿ ನಿಲ್ಲತ್ತಾ?"

ಹಿಂದೆ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಅಧ್ಯಕ್ಷರು ಕೇಳಿದರು: "ಹಾಗಾದ್ರೆ ಕಡೀಬಹುದು ಅಂತೀರಾ?"

ಆಗ ನಿನ್ನ ಕಡೆ ನೋಡಿದೆ. ನೀನು ಮೇಜನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ನನ್ನ ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಜೀವಮಾನವೆಲ್ಲ ಬೇರೆಯವರಿಗೆ ಸೀಟಿ ಊದಿದವನಿಗೆ ಗಂಟೆ! "ಅವಳು ನಡುವೆ ಜಾಗ ಬಿಟ್ಟಿದಾಳೆ. ಅಲ್ಲಿಂದ ಹೋಗಿ ಅಂತೀನಿ" ಎಂದು ಹೇಳಿ ಕೂತೆ.

ಸರಿ ಮಾಡಿದೆನೋ ಇಲ್ಲವೋ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ತಲೆ ಕಿಟಕಿಗೆ ಬಡಿಯುತ್ತಿತ್ತು. ಎರಡೂ ಬಸ್ಸಿನಲ್ಲಿ. ನಿನ್ನ ಹಣೆಯ ಗಂಟು ಜ್ಞಾಪಕ ಬಂತು.

ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್, ಅಲ್ಲ, ಅದು ಮದುವೆ ಉಡುಗೊರೆಗೆ ಬರೆಯುವುದು.

ಅಪ್ಪ

*

೧೭ ಆಗಸ್ಟ್

ಅಪ್ಪ,

ಆ ದಿನ ನಾನು ಮೆಟ್ಟಿಲ ಹಿಂದೆ ಇದ್ದೆ. ಮುಖ ತೊಳೆದು ಬರುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ.

ಇಷ್ಟು ದಿನ ಬರೆಯದಿದ್ದದ್ದು ತೀರ್ಮಾನ ಬರಲಿ ಎಂದು. ನಿನ್ನೆ ಬಂತು. ಪರಿಸರ ವಿಭಾಗದವರು ಮತ್ತೆ ಹೋಗಿ ನೋಡಿದರು, ಸಾಲು ನಿಜವೆಂದು ಒಪ್ಪಿದರು. ಮಾರ್ಗ ಮೊದಲಿದ್ದ ಪಟ್ಟಿಗೇ ವಾಪಸು. ನಿಮ್ಮ ಬಡಾವಣೆಗೆ ಸ್ಟೇಷನ್ ಉಂಟು. ಎರಡನೇ ಹಂತವೇ, ಅದು ಬದಲಾಗಿಲ್ಲ.

ಆದರೆ ಅಮ್ಮ ಬಿಟ್ಟ ಜಾಗ ಸಾಲದು. ಅವಳು ಒಂದು ರೈಲಿಗೆ ಬಿಟ್ಟಿದ್ದಳು, ಈಗ ಬರುವುದು ಜೋಡಿ ಹಳಿ. ಎರಡು ಸಾಲಿನಲ್ಲಿ ಒಂದು ಹೋಗಬೇಕು. ಹೋಗುವ ಸಾಲನ್ನು ರೈಲು ಬರುವ ಮುಂಚೆಯೇ ಕಡಿದು ಖಾಲಿ ಮಾಡಿಡುತ್ತಾರೆ. ಯಾವುದೆಂದು ತೀರ್ಮಾನಿಸುವ ಮೊದಲು ಸಭೆಯಲ್ಲಿ ವಿಷಯ ಎತ್ತಿದವರನ್ನು ಕೇಳಬೇಕೆಂದಿದೆ. ಆಫೀಸಿನಿಂದ ನಿಮಗೆ ಬೇರೆ ಕಾಗದ ಬರುತ್ತದೆ, ಅದಕ್ಕೆ ಉತ್ತರ ಕೊಡಿ. ಎಂಜಿನಿಯರುಗಳಿಗೆ ರಸ್ತೆ ಕಡೆಯದನ್ನು ತೆಗೆಯುವುದು ಸುಲಭ. ಹೊಳೆ ಕಡೆಯದನ್ನೂ ತೆಗೆಯಬಹುದು.

ನಡುವೆ ಯಾಕೆ ಗಿಡ ಇಡುವುದಿಲ್ಲ ಎಂದು ನಾನು ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ. "ನೀನು ದೊಡ್ಡವಳಾಗಿ ರೈಲಲ್ಲಿ ಬರ್ತೀಯಲ್ಲ, ಕಿಟಕಿ ಆ ಕಡೆ ಸಿಕ್ರೂ ಈ ಕಡೆ ಸಿಕ್ರೂ ಹಸಿರು ಕಾಣ್ಲಿ ಅಂತ" ಎಂದಿದ್ದಳು. ಇದು ನನಗೆ ಗೊತ್ತಿತ್ತು. ಫೆಬ್ರವರಿಯಲ್ಲಿ ನಿಮ್ಮ ಮೊದಲ ಕಾಗದ ಬಂದಾಗಲೂ ಗೊತ್ತಿತ್ತು. ಬರೆದಿದ್ದರೆ ನಿಮ್ಮ ಬಾಯಿಂದ ನಾನೇ ಹೇಳಿಸಿದ ಹಾಗೆ ಆಗುತ್ತಿತ್ತು. ಅದಕ್ಕೆ ಮಾತ್ರೆ, ಸೆಲ್ಲು ಎಂದು ಬರೆದೆ.

ಈಗ ಕೇಳುತ್ತೇನೆ, ಮಗಳಾಗಿ. ಯಾವ ಸಾಲು ಉಳಿಯಬೇಕು ಅಪ್ಪ?

ಮುಂದಿನ ತಿಂಗಳ ಮೊದಲ ಭಾನುವಾರ ಬರುತ್ತೇನೆ. ಎರಡು ಬಸ್ಸಿನಲ್ಲೇ.

ನಿಮ್ಮ ಮಗಳು

*

೨೬ ಆಗಸ್ಟ್

ಮೈ ಡಿಯರ್ ಡಾಟರ್,

ಆಫೀಸಿನ ಕಾಗದವೂ ಬಂತು. ಅದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಬರೆದು ಹಾಕಿದ್ದೇನೆ, ತಲೆ ಬಾಲ ಸಮೇತ. ನಡುವೆ ಒಂದೇ ಸಾಲು ಬೇಕಾಗಿತ್ತು, ಅದಕ್ಕೆ ಇಂಗ್ಲಿಷ್ ಸಾಕಾಯಿತು.

ಅತ್ತಿ ಹೊಳೆ ಕಡೆ ಇದೆ, ನಿನಗೆ ಗೊತ್ತು. ಅದನ್ನೇ ಉಳಿಸಿ ಎಂದು ಬರೆಯಲು ಕೂತಿದ್ದೆ. ಪೆನ್ನು ಹುಡುಕುವಾಗ ಕಿಟಕಿಯಿಂದ ಕೆಳಗೆ ಕಣ್ಣು ಹೋಯಿತು. ಬಸ್ ಸ್ಟಾಪಿನಲ್ಲಿ ನರ್ಸಮ್ಮ ನಿಂತಿದ್ದಳು, ಪಕ್ಕದಲ್ಲಿ ಅವಳ ಮಗಳು. ಇಬ್ಬರೂ ಗೋಡೆಗೆ ಒರಗಿ ತೂಕಡಿಸುತ್ತಿದ್ದರು, ಹೇಳಿದ ಹಾಗೇ ಎರಡು ಕುದುರೆ. ಹಿಪ್ಪುನೇರಳೆಯ ನೆರಳು ಸರಿದ ಹಾಗೆಲ್ಲ, ಕಣ್ಣು ಬಿಡದೇ, ಇಬ್ಬರೂ ಒಂದೊಂದು ಹೆಜ್ಜೆ ಸರಿಯುತ್ತಿದ್ದರು.

ಹೊಳೆ ಕಡೆಯದು ಹೋಗಲಿ ಎಂದು ಬರೆದೆ. ರಸ್ತೆ ಕಡೆಯದು ಇರಲಿ. ರೈಲು ಬರುವ ತನಕ ಜನ ಅಲ್ಲೇ ತಾನೇ ನಿಲ್ಲಬೇಕು.

ಅತ್ತಿ ಮರಕ್ಕೆ ಹೇಳಿ ಬರಬೇಕೆಂದಿದ್ದೇನೆ. ಒಬ್ಬನೇ ಹೋದರೆ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತೇನೆ. ನೀನು ಬಂದಾಗ ಹಿಂದಿನಿಂದ ತಳ್ಳು.

ಭಾನುವಾರ ಎರಡನೇ ಬಸ್ಸಿನ ಹೊತ್ತು ಬದಲಾಗಿದೆ, ಎಂದಿಗಿಂತ ತಡ. ಗಾಬರಿಯಾಗಬೇಡ. ನೆರಳಿದೆ, ನಾನು ಬಸ್ ಸ್ಟಾಪಿನಲ್ಲೇ ನಿಂತಿರುತ್ತೇನೆ.

ಅಪ್ಪ